ಎರಡು ದಿನದ ತಡ

ಮನೆ, ಕಿಟಕಿ ಬದಿಯ ಮೇಜು
ಗುರುವಾರ, ಮಾರ್ಚ್ ೧೪, ಬೆಳಗ್ಗೆ ಒಂಬತ್ತೂವರೆ

ಪ್ರೀತಿಯ ಮಗಳೇ, ನಮ್ಮ ಮನೆಯ ದೊಡ್ಡ ಡಾಕ್ಟ್ರಮ್ಮ,

ಹೇಗಿದ್ದೀಯ? ಎರಡು ಹೊತ್ತು ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಥಿಯೇಟರಿನ ಹೊರಗೆ ನಿಂತು ನಾಲ್ಕು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ಅದನ್ನೇ ಊಟ ಎನ್ನುತ್ತಿದ್ದೀಯೋ? ಹೋದ ಸಲ ಬಂದಾಗ ನಿನ್ನ ಕತ್ತಿನ ಮೂಳೆ ಎಣಿಸುವ ಹಾಗಿತ್ತು. ಬೆನ್ನುನೋವು ಈಗ ಹೇಗಿದೆ? ಬಗ್ಗಿ ನಿಂತು ಕೆಲಸ ಮಾಡುವವರಿಗೆ ಅದು ತಪ್ಪಿದ್ದಲ್ಲ. ಆದರೆ ಮೇಜನ್ನು ಎರಡು ಬೆರಳು ಎತ್ತರಿಸಿಕೋ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ನೀನು ಕಿವಿಗೆ ಹಾಕಿಕೊಂಡಿಲ್ಲ. ಅಳಿಯಂದಿರು ಆರೋಗ್ಯವೇ? ಅವರ ಗೊರಕೆ ಕಡಿಮೆಯಾಗಿದ್ದರೆ ನಿನ್ನ ನಿದ್ದೆಯೂ ಸುಧಾರಿಸಿರಬೇಕು. ನನ್ನ ಸುದ್ದಿ ಕೇಳುವುದಾದರೆ, ಎಡಮಂಡಿ ಹಟ ಹಿಡಿದಿದೆ, ಬಲಮಂಡಿ ಅದರ ಪಕ್ಷ ಸೇರುವ ಆಲೋಚನೆಯಲ್ಲಿದೆ. ಕೈ ನಡುಗುತ್ತದೆ. ಕೂದಲಿಗಿಂತ ಸಣ್ಣ ದಾರದಲ್ಲಿ ಮಿದುಳಿನ ಪೊರೆ ಹೊಲಿದ ಕೈ ಈಗ ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ಒದ್ದಾಡುತ್ತದೆ. ಅಡುಗೆಯಾಕೆ ಅದನ್ನು ನೋಡಿ ನಗುತ್ತಾಳೆ. ನಾನು ಅವಳ ಅಡುಗೆ ಉಂಡು ನಗುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದು ಕೈಯ ದೋಷ, ಮುದುಕ ಅಳುತ್ತಾ ಬರೆದಿದ್ದಾನೆ ಎಂದು ತಿಳಿಯಬೇಡ.

ನಿನ್ನ ಪತ್ರ ಸೋಮವಾರವೇ ಬಂತು. ಮೂರು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ವಿಷಯ ನನಗೆ ಚೆನ್ನಾಗಿ ಅರ್ಥವಾಗಿದೆ. ಬರುವ ಸೋಮವಾರ ನಿಮ್ಮ ಆಸ್ಪತ್ರೆಯ ವಿಚಾರಣಾ ಸಮಿತಿ ಕೂರುತ್ತದೆ. ಎರಡು ವರ್ಷದಲ್ಲಿ ತಲೆಬುರುಡೆ ಒಳಕ್ಕೆ ತಗ್ಗಾದ ನಲವತ್ತೊಂದು ಎಳೆಯ ಮಕ್ಕಳು ನಿನ್ನ ಕೈಗೆ ಬಂದಿವೆ. ನಲವತ್ತೊಂದಕ್ಕೂ ನೀನು ಚಾಕು ಹಾಕಿದ್ದೀಯ. ಅವುಗಳಲ್ಲಿ ಇಪ್ಪತ್ತಾರಕ್ಕೆ ಚಾಕು ಬೇಕೇ ಇರಲಿಲ್ಲ ಎಂದು ನಿನ್ನ ಜೊತೆಯವರೇ ಬರೆದುಕೊಟ್ಟಿದ್ದಾರೆ. ಆ ಇಪ್ಪತ್ತಾರರಲ್ಲಿ ಒಂದು ಹೆಣ್ಣುಮಗು, ಬಸ್ ಕಂಡಕ್ಟರ್ ಕೆಲಸದ ಹೆಂಗಸಿನ ಮಗಳು, ಗಾಯಕ್ಕೆ ಕೀವಾಗಿ ಬುರುಡೆಯ ಒಂದು ತುಂಡನ್ನೇ ಕಳೆದುಕೊಂಡಿದೆ. ಸಮಿತಿಗೆ ಸಮಾಧಾನವಾಗದಿದ್ದರೆ ಇನ್ನು ಮುಂದೆ ನೀನು ಮಕ್ಕಳ ತಲೆ ಮುಟ್ಟುವ ಹಾಗಿಲ್ಲ. ಅದಕ್ಕೇ ನಿನಗೆ ನನ್ನ ಎರಡು ಪುಟ ಬೇಕು. ಮೂವತ್ತೈದು ವರ್ಷ ಇದೇ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಎಳೆಯ ಮಕ್ಕಳ ತಗ್ಗನ್ನು ತಡಮಾಡದೆ ಎತ್ತುವುದೇ ಸರಿ, ತಡವಾದರೆ ಮಗು ಕೈಬಿಟ್ಟು ಹೋಗುತ್ತದೆ ಎಂದು ನಾನು ಬರೆದು ಸಹಿ ಹಾಕಬೇಕು. ಸಮಿತಿಯ ಅಧ್ಯಕ್ಷನನ್ನು ನಾನು ಬಲ್ಲೆ. ನನ್ನ ಕೈಕೆಳಗೆ ಕಲಿತವನು, ಮೊದಲ ಸಲ ಬುರುಡೆ ಕೊರೆಯುವುದನ್ನು ನೋಡಿ ಕಣ್ಣು ಮೇಲೆ ಮಾಡಿ ನನ್ನ ಕಾಲ ಮೇಲೇ ಬಿದ್ದವನು. ಇವತ್ತಿಗೂ ನನ್ನ ಸಹಿ ಕಂಡರೆ ಕುರ್ಚಿ ಬಿಟ್ಟು ಏಳುತ್ತಾನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ ಅಪ್ಪಾ ಎಂದು ನೀನು ಬೇರೆ ಎಚ್ಚರಿಸಿದ್ದೀಯ. ಇಲ್ಲ, ಹಾಗೆ ಬರೆದಿಲ್ಲ. ಎರಡು ಪುಟ ನೀನು ಹೇಳಿದಂತೆಯೇ ಬರೆದು, ಸಹಿ ಹಾಕಿ, ಇದರ ಜೊತೆಗೇ ಮಡಚಿ ಇಟ್ಟಿದ್ದೇನೆ. ಶನಿವಾರ ನಿನ್ನ ಕೈ ಸೇರುತ್ತದೆ. ಆ ಭಯ ಬಿಟ್ಟು ಮುಂದೆ ಓದು.

ನಿನ್ನ ಪತ್ರದಲ್ಲಿ ಒಂದು ಕಡೆ ನನಗೆ ನಗು ಬಂತು. ನಿನ್ನ ಕೈಕೆಳಗಿನ ಹೊಸ ಡಾಕ್ಟರು ತಾಯಂದಿರ ಹಾಲು ತೆಗೆಯುವ ಪಂಪನ್ನು ಮಗುವಿನ ತಲೆಗೆ ಅಂಟಿಸಿ ತಗ್ಗನ್ನು ಎಳೆಯುತ್ತಾನೆ, ಇಂಥವರೆಲ್ಲ ನನ್ನ ಮೇಲೆ ದೂರು ಬರೆಯುತ್ತಾರೆ ಎಂದು ಬುಸುಗುಟ್ಟಿದ್ದೀಯ. ಪಾಪ, ಅವನನ್ನು ಬೈಯಬೇಡ. ಅದು ಕೆಲಸ ಮಾಡುತ್ತದೆ. ನಾಲ್ಕೈದು ತಿಂಗಳ ಮಗುವಿನ ಬುರುಡೆ ಮೂಳೆಯೇ ಅಲ್ಲ, ಒಣಗುತ್ತಿರುವ ಚರ್ಮ ಇದ್ದ ಹಾಗೆ. ಬಿದ್ದರೆ ಒಡೆಯುವುದಿಲ್ಲ, ಟೇಬಲ್ ಟೆನಿಸ್ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದಲ್ಲ, ಹಾಗೆ ಒಳಕ್ಕೆ ಹೋಗುತ್ತದೆ. ಪಂಪಿನ ಬಟ್ಟಲನ್ನು ಸರಿಯಾಗಿ ಕೂರಿಸಿ ಮೆಲ್ಲಗೆ ಗಾಳಿ ಎಳೆದರೆ, ಒಂದೆರಡು ನಿಮಿಷದಲ್ಲಿ ಟಕ್ ಎಂದು ಸ್ವಸ್ಥಾನಕ್ಕೆ ಬರುತ್ತದೆ. ಮಗು ಒಂದು ಸಲ ಕಿರುಚಿ ಹಾಲಿಗೆ ಬಾಯಿ ಹಾಕುತ್ತದೆ. ಚಾಕು ಇಲ್ಲ, ಹೊಲಿಗೆ ಇಲ್ಲ, ತಾಯಿ ಮಧ್ಯಾಹ್ನಕ್ಕೆ ಮನೆಗೆ. ಪಂಪೂ ಬೇಡ, ಸುಮ್ಮನೆ ಕಾದರೂ ಎಷ್ಟೋ ತಗ್ಗುಗಳು ಮಿದುಳು ಬೆಳೆದ ಹಾಗೆ ತಾವೇ ಮೇಲೇಳುತ್ತವೆ. ಚರ್ಮ ಹರಿದಿದ್ದರೆ ಸರಿ, ಮೂಳೆಯ ಚೂರು ಪೊರೆಗೆ ಚುಚ್ಚಿದ್ದರೆ ಸರಿ, ತಗ್ಗು ತೀರಾ ಆಳವಿದ್ದರೆ, ಮಗು ಮಂಪರಾಗಿದ್ದರೆ, ಕೈಕಾಲು ಸೆಟೆಯುತ್ತಿದ್ದರೆ ಆಗ ಕೊರೆದು ಎತ್ತಲೇಬೇಕು, ಇನ್ನು ಮಾತಿಲ್ಲ. ಇದು ಯಾವುದೂ ಇಲ್ಲದ ಮಗುವಿಗೆ ತಾಳಿದವನು ಬಾಳಿಯಾನು. ಅದರಲ್ಲೂ ನಡುನೆತ್ತಿಯ ಕೆಳಗೆ ಓಡುವ ದೊಡ್ಡ ರಕ್ತನಾಳದ ಹತ್ತಿರ ತಗ್ಗಿದ್ದರೆ, ತೀರಾ ಬೇರೆ ದಾರಿಯಿಲ್ಲದ ಹೊರತು ಯಾರೂ ಅಲ್ಲಿಗೆ ಮೂಳೆ ಎತ್ತುವ ಸಲಾಕೆ ಹಾಕುವುದಿಲ್ಲ. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪದಕ ತಗೊಂಡವಳು ನೀನು. ಪದಕ ನಮ್ಮ ಬೀರುವಿನಲ್ಲಿದೆ, ಅಡುಗೆಯಾಕೆ ವಾರಕ್ಕೊಮ್ಮೆ ಒರೆಸುತ್ತಾಳೆ.

ಗೊತ್ತಿದ್ದೂ ನೀನು ಯಾಕೆ ಕಾಯುವುದಿಲ್ಲ ಎಂಬುದು ನಿಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿದೆ. 'ನನ್ನ ಕೈಗೆ ಬಂದ ಮಗೂನ ನಾನು ಸಂಜೆವರೆಗೂ ಕಾಯಿಸಲ್ಲ' ಎಂಬ ನಿನ್ನ ಮಾತನ್ನು ಅಲ್ಲಿನ ನರ್ಸುಗಳು ಗಾದೆಯ ಹಾಗೆ ಹೇಳುತ್ತಾರಂತೆ. ಅವರಿಗೆ ಅದು ಶ್ರದ್ಧೆ ಅನಿಸಿರಬೇಕು. ನನಗೆ ಅದನ್ನು ಕೇಳಿದಾಗಲೆಲ್ಲ ಏಳು ವರ್ಷದ ನೀನು ಕಾಣಿಸುತ್ತೀಯ. ಬೇಸಿಗೆ ರಜೆ. ನಿಮ್ಮಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನೀನು ಆರು ತಿಂಗಳ ತಮ್ಮನನ್ನು ಮಡಿಲಲ್ಲಿ ಕೂರಿಸಿಕೊಂಡು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದೆ, ಎತ್ತಬೇಡ ಎಂದು ಹೇಳಿದ್ದರೂ. ಅವನು ಜಾರಿದ. ಕೆಳಗೆ ಹೊಲಿಗೆ ಯಂತ್ರದ ಕಬ್ಬಿಣದ ಕಾಲಿತ್ತು. ಅವನು ಅತ್ತ, ನೀನು ಎತ್ತಿಕೊಂಡು ಸುಮ್ಮನಾಗಿಸಿದೆ, ಸುಮ್ಮನಾದ. ರಕ್ತ ಒಂದು ತೊಟ್ಟೂ ಇಲ್ಲ. ಆಮೇಲೆ ನಿನ್ನ ಬೆರಳಿಗೆ ಆ ಗುಳಿ ಸಿಕ್ಕಿತು. ನಿನ್ನ ಬುದ್ಧಿವಂತಿಕೆ ನೋಡು, ಆ ವಯಸ್ಸಿಗೇ. ಪೆಟ್ಟಿಗೆಯಿಂದ ಚಳಿಗಾಲದ ಉಣ್ಣೆ ಟೋಪಿ ತೆಗೆದು ಅವನಿಗೆ ಹಾಕಿ ಗಲ್ಲದ ಕೆಳಗೆ ಗಂಟು ಬಿಗಿದೆ. ಆ ಸೆಕೆಯಲ್ಲಿ ಎರಡು ದಿನ ಯಾರನ್ನೂ ಟೋಪಿ ಬಿಚ್ಚಲು ಬಿಡಲಿಲ್ಲ. ಅಕ್ಕನಿಗೆ ತಮ್ಮನ ಮೇಲೆ ಎಷ್ಟು ಮುದ್ದು ಎಂದು ನಿಮ್ಮಮ್ಮ ಪಕ್ಕದ ಮನೆಯವರಿಗೆ ಹೇಳಿಕೊಂಡು ನಕ್ಕಳು. ಮೂರನೆಯ ದಿನ ಸ್ನಾನ ಮಾಡಿಸುವಾಗ ಅವಳ ಬೆರಳ ತುದಿ ಹೋಗಿ ಆ ಗುಳಿಯಲ್ಲಿ ಕೂತಿತು. ಅವತ್ತು ಅವಳು ಕೂಗಿದ ಕೂಗು ನನಗೆ ಇಡೀ ಬೀದಿ ದಾಟಿ ಆಸ್ಪತ್ರೆಯ ಗೇಟಿನವರೆಗೂ ಕೇಳಿತು ಎಂದು ಆಮೇಲೆ ನಾನೇ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ. ಅಷ್ಟು ದೂರ ಕೇಳಿರಲಿಲ್ಲ. ಅವಳು ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಓಡಿಬಂದಳು.

ಮುಂದಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ನಾನೇ ಆಪರೇಷನ್ ಮಾಡಿದೆ. ಸ್ವಂತ ಮಗುವಿಗೆ ಕೈ ಹಾಕಬಾರದು ಎಂಬ ನಿಯಮ ಇದ್ದರೂ, ಆಗ ಅಲ್ಲಿ ಈ ಕೆಲಸ ಬಲ್ಲವನು ನಾನೊಬ್ಬನೇ. ಬೆಳಗ್ಗೆ ಹನ್ನೊಂದಕ್ಕೆ ಒಳಗೆ ಹೋದವನು ಹನ್ನೆರಡೂಕಾಲಿಗೆ ಹೊರಗೆ ಬಂದೆ. ಆರು ತಿಂಗಳ ಮಗುವಿನ ಮೈಯಲ್ಲಿ ಇರುವುದೆಲ್ಲ ಸೇರಿ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ರಕ್ತ. ಬೆಂಚಿನ ಮೇಲೆ ನಿಮ್ಮಮ್ಮ, ಅವಳ ಮಗ್ಗುಲಲ್ಲಿ ನೀನು, ಕೈಯಲ್ಲಿ ಆ ಟೋಪಿ. ನಾನು ನಿಮ್ಮಮ್ಮನಿಗೆ ಒಂದೇ ಮಾತು ಹೇಳಿದೆ. 'ಎರಡು ದಿನ ಮೊದಲೇ ತಂದಿದ್ರೆ ಉಳೀತಿದ್ದ.' ಅವಳು ತಿರುಗಿ ನಿನ್ನನ್ನು ನೋಡಿದಳು. ಅವತ್ತಿನಿಂದ ಅವಳು ನಿನ್ನ ತಲೆ ಬಾಚಲಿಲ್ಲ. ನೀನೇ ಕನ್ನಡಿ ಮುಂದೆ ಕುರ್ಚಿ ಹಾಕಿಕೊಂಡು ನಿಂತು ಬಾಚಿಕೊಳ್ಳುತ್ತಿದ್ದೆ, ಬೈತಲೆ ವಾರೆ ಬರುತ್ತಿತ್ತು. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆದು ಕೊಡುತ್ತಿದ್ದಳು, ಶಾಲೆಗೆ ಕಳಿಸುತ್ತಿದ್ದಳು. ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ 'ಒಬ್ಬ ಇದ್ದ' ಎನ್ನುತ್ತಿದ್ದಳು, ನೀನು ಪಕ್ಕದಲ್ಲೇ ನಿಂತಿರುತ್ತಿದ್ದೆ. ನಾನು ನಿನಗೆ ಒಂದು ದಿನವೂ ಬೈದವನಲ್ಲ. ಅದು ನಿನಗೆ ಗೊತ್ತಿದೆ. ಅಪ್ಪನಷ್ಟು ಒಳ್ಳೆಯವರು ಇಲ್ಲ ಎಂದು ನೀನು ಅಳಿಯಂದಿರಿಗೆ ಹೇಳಿದ್ದನ್ನು ಅವರೇ ನನಗೆ ಹೇಳಿದ್ದಾರೆ.

ನೀನು ಓದಿದೆ. ಬೇರೆ ಮಕ್ಕಳು ಬೀದಿಯಲ್ಲಿ ಆಡುವಾಗ ಓದಿದೆ, ಜ್ವರ ಬಂದಾಗ ಓದಿದೆ. ಹನ್ನೆರಡನೆಯ ವರ್ಷಕ್ಕೆ ನನ್ನ ಪುಸ್ತಕಗಳಲ್ಲಿನ ಬುರುಡೆಯ ಚಿತ್ರಗಳನ್ನು ಕಾಗದ ಇಟ್ಟು ಬರೆದುಕೊಳ್ಳುತ್ತಿದ್ದೆ. ಏನಾಗ್ತೀಯ ಎಂದು ಯಾರೋ ಕೇಳಿದಾಗ 'ಅಪ್ಪನ ಕೆಲಸ, ಆದ್ರೆ ತಡ ಮಾಡಲ್ಲ' ಎಂದೆ. ಎಲ್ಲರೂ ನಕ್ಕರು. ನಿಮ್ಮಮ್ಮ ಎದ್ದು ಒಳಗೆ ಹೋದಳು. ನಿನ್ನಷ್ಟು ಚೆನ್ನಾಗಿ ಹೊಲಿಯುವವರನ್ನು ನಾನು ನೋಡಿಲ್ಲ, ಇದು ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತಲ್ಲ. ನೀನು ಕಲಿಯುತ್ತಿದ್ದಾಗ ಒಂದು ಸಲ ಗಾಜಿನಾಚೆ ನಿಂತು ನಿನ್ನ ಕೈ ನೋಡಿದ್ದೆ. ಒಂದು ಚಲನೆಯೂ ದಂಡವಿಲ್ಲ. ಆಗ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀಯ? ಅಪ್ಪನಿಗೆ ಮಗಳ ಮೇಲೆ. ನಿಮ್ಮಮ್ಮನಿಗೂ ಒಂದು ಸಲ ಹೇಳಿದೆ, ಇವಳ ಕೈ ದೊಡ್ಡ ಕೈ ಕಣೇ ಎಂದು. ಅವಳು 'ಆ ಕೈಯಿಂದ್ಲೇ ಬಿಟ್ಟಿದ್ದು' ಎಂದು ಮುಸುರೆ ತಿಕ್ಕುವುದನ್ನು ಮುಂದುವರಿಸಿದಳು. ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ನೀನು ಹನ್ನೊಂದು ದಿನ ರಜೆ ಹಾಕಿ ಬಂದೆ. ನೀನು ಚಮಚ ಹಿಡಿದರೆ ಬಾಯಿ ಬಿಗಿದುಕೊಳ್ಳುತ್ತಿದ್ದಳು. ಅಡುಗೆಯಾಕೆ ಹಿಡಿದರೆ ಕುಡಿಯುತ್ತಿದ್ದಳು. ಕೊನೆಯ ದಿನ ನೀನು ಅವಳ ಪಾದ ಹಿಡಿದು, ಅಮ್ಮಾ, ಒಂದು ಸಲ ನೋಡು ಎಂದೆ. ಅವಳು ಗೋಡೆಗೆ ಮುಖ ತಿರುಗಿಸಿದಳು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ, ಎಲ್ಲ ನೋಡಿದೆ.

ಇನ್ನೊಂದು ಸುದ್ದಿ. ನಿನಗೆ ಕೋಪ ಬರುತ್ತದೆ, ಬರಲಿ. ಮಂಗಳವಾರ ಆ ಕಂಡಕ್ಟರಮ್ಮ ನಮ್ಮ ಮನೆಗೆ ಬಂದಿದ್ದಳು. ಯಾರು ವಿಳಾಸ ಕೊಟ್ಟರೋ ತಿಳಿಯದು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಅದೇ ಸಮವಸ್ತ್ರ, ಹೆಗಲಲ್ಲಿ ಟಿಕೆಟ್ ಚೀಲ, ಇನ್ನೊಂದು ಹೆಗಲಲ್ಲಿ ಮಗು. ಜಗಳಕ್ಕೆ ಬಂದಿರಬೇಕು ಎಂದು ನಾನು ಬಾಗಿಲಲ್ಲೇ ನಿಂತೆ. ಜಗಳ ಆಡಲಿಲ್ಲ. ಮಂಚದಿಂದ ಉರುಳಿ ಬಿದ್ದು ತಲೆಯಲ್ಲಿ ಗುಳಿಯಾಗಿತ್ತಂತೆ, ಮಗು ನಗುತ್ತಲೇ ಇತ್ತಂತೆ, ನಿಮ್ಮ ಮಗಳು ಎರಡು ಗಂಟೆಯಲ್ಲಿ ಒಳಗೆ ಕರೆದುಕೊಂಡು ಹೋದರು, ಎಷ್ಟು ಚುರುಕು ಡಾಕ್ಟರು ಎಂದು ನಾನು ಕೈ ಮುಗಿದೆ ಎಂದಳು. ಆಮೇಲೆ ಮಗುವಿನ ಟೋಪಿ ತೆಗೆದಳು. ಮೂಳೆ ತೆಗೆದ ಜಾಗದಲ್ಲಿ ಚರ್ಮ ಒಳಗೊಮ್ಮೆ ಹೊರಗೊಮ್ಮೆ ಮಿಡಿಯುತ್ತಿತ್ತು. ಬಸ್ಸಿನಲ್ಲಿ ಜನ ನೋಡಿ ಸೀಟು ಬಿಟ್ಟು ಏಳುತ್ತಾರಂತೆ, ದಯೆಯಿಂದಲ್ಲ, ಅಸಹ್ಯದಿಂದ. ನಾಲ್ಕೈದು ವರ್ಷ ತುಂಬುವವರೆಗೆ ಹೀಗೇ, ಆಮೇಲೆ ಆ ಜಾಗಕ್ಕೆ ಲೋಹದ ತಟ್ಟೆ ಹಾಕುತ್ತಾರೆ, ಅಲ್ಲಿಯವರೆಗೆ ಬಿದ್ದರೆ ಮಿದುಳೇ ನೆಲಕ್ಕೆ. ನಡೆಯಲು ಕಲಿಯುವ ವಯಸ್ಸಿನ ಮಗುವಿಗೆ ಬೀಳಬೇಡ ಎಂದು ಹೇಳಬೇಕಂತೆ. ಅವಳು ಕೇಳಿದ್ದು ಒಂದೇ. 'ಕಾಯ್ದಿದ್ರೆ ಏನಾಗ್ತಿತ್ತು ಸಾರ್? ನೀವು ದೊಡ್ಡೋರು, ನೀವು ಹೇಳಿದ್ರೆ ನಂಬ್ತೀನಿ.' ನಾನು ಏನು ಹೇಳಿದೆ ಗೊತ್ತೇ? ಒಂದೊಂದು ಮಗುವಿನದು ಒಂದೊಂದು ಥರ, ಹೇಳಲಾಗುವುದಿಲ್ಲ ಎಂದೆ. ಅವಳು ಟೋಪಿ ಹಾಕಿ ಗಂಟು ಕಟ್ಟಿ ಎದ್ದಳು. ಹೋಗುವಾಗ, ನನ್ನಿಂದ ನಿಮ್ಮ ಮಗಳಿಗೆ ತೊಂದರೆಯಾಗುವುದಿದ್ದರೆ ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಅವರು ಬೇಕೆಂದು ಮಾಡಿದ್ದಲ್ಲವಲ್ಲ ಎಂದಳು. ಬೇಡ ಎಂದು ನಾನು ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. ನಿನ್ನ ಒಳ್ಳೆಯದಕ್ಕೆ ಬೇಕು ಎನ್ನಬೇಕಿತ್ತೇನೋ. ಮಗುವಿಗೆ ನಮ್ಮ ಮನೆಯ ಬೆಕ್ಕು ತುಂಬಾ ಇಷ್ಟವಾಯಿತು.

ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ನೀನು ನನ್ನ ಒಬ್ಬಳೇ ಮಗಳು. ನಿನ್ನ ಕೆಲಸ ಹೋದರೆ ನಿನಗೆ ಉಳಿಯುವುದು ಏನೂ ಇಲ್ಲ ಎಂದು ನನಗೆ ಗೊತ್ತಿದೆ. ಮಕ್ಕಳು ಬೇಡ ಎಂದು ನೀನು ಮದುವೆಗೆ ಮೊದಲೇ ಅಳಿಯಂದಿರಿಗೆ ಹೇಳಿದ್ದೆಯಂತೆ. ಯಾಕೆ ಎಂದು ಅವರು ನನ್ನ ಹತ್ತಿರ ಕೇಳಿದಾಗ ಅವಳ ಇಷ್ಟ ಎಂದು ಜಾರಿಕೊಂಡೆ. ಎತ್ತಿಕೊಳ್ಳಲು ನೀನು ಹೆದರುತ್ತೀಯ. ಬೇರೆಯವರ ಮಕ್ಕಳನ್ನು ಮೇಜಿನ ಮೇಲೆ ಮಲಗಿಸಿಕೊಂಡರೆ ಹೆದರುವುದಿಲ್ಲ, ಮಡಿಲಲ್ಲಿ ಕೂರಿಸಿಕೊಳ್ಳಲು ಹೆದರುತ್ತೀಯ. ಅಡುಗೆಯಾಕೆಯ ಮೊಮ್ಮಗುವನ್ನು ಅವಳು ನಿನ್ನ ಕೈಗೆ ಕೊಡಲು ಬಂದಾಗ ನೀನು ಎರಡು ಹೆಜ್ಜೆ ಹಿಂದೆ ಹೋದದ್ದನ್ನು ನೋಡಿದ್ದೇನೆ. ಸೋಮವಾರ ಸಮಿತಿಯ ಮುಂದೆ ಧೈರ್ಯವಾಗಿ ಕೂರು. ಅಧ್ಯಕ್ಷ ಗಂಟಲು ಸರಿಮಾಡಿಕೊಂಡರೆ ಅವನು ಕಷ್ಟದ ಪ್ರಶ್ನೆ ಕೇಳಲು ಹೊರಟಿದ್ದಾನೆ ಎಂದರ್ಥ, ಅದು ಅವನ ಹಳೆಯ ಚಾಳಿ. ಹೊಟ್ಟೆ ತುಂಬಾ ತಿಂದು ಹೋಗು. ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ನಿನಗೂ, ಎಂದಿನ ಹಾಗೆ, ತಲೆಯ ಮೇಲೆ ಕೈಯಿಟ್ಟು.

ನಿನ್ನ ಅಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಕವರ್ ಅಂಟಿಸಿ ಮತ್ತೆ ಕಿತ್ತಿದ್ದೇನೆ. ಕೊರಿಯರಿನವನು ಹನ್ನೆರಡಕ್ಕೆ ಬರುತ್ತಾನೆ, ಕಾಲು ಗಂಟೆಯಿದೆ, ಸುತ್ತಿಬಳಸಲು ಹೊತ್ತಿಲ್ಲ. ತಮ್ಮ ತಡವಾದದ್ದರಿಂದ ಸಾಯಲಿಲ್ಲ. ಆ ಎರಡು ದಿನದಲ್ಲಿ ಅವನಿಗೆ ಏನೂ ಆಗಿರಲಿಲ್ಲ. ಚರ್ಮ ಹರಿದಿರಲಿಲ್ಲ, ಎಕ್ಸ್‌ರೇಯಲ್ಲಿ ಮೂಳೆ ಬಿರಿದೂ ಇರಲಿಲ್ಲ, ಟವೆಲಿನಲ್ಲಿ ಸುತ್ತಿ ತಂದಾಗ ನನ್ನ ಕೊರಳಲ್ಲಿದ್ದ ಸ್ಟೆತಾಸ್ಕೋಪು ಎಳೆದು ನಗುತ್ತಿದ್ದ. ತಗ್ಗು ನಡುನೆತ್ತಿಯ ರಕ್ತನಾಳದ ಪಕ್ಕದಲ್ಲೇ ಇತ್ತು. ಬೇರೆ ಯಾರ ಮಗುವಾಗಿದ್ದರೂ ಮೂರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸುತ್ತಿದ್ದೆ. ಆದರೆ ಎಳೆಯ ಮಕ್ಕಳ ಮೂಳೆ ಎತ್ತಲು ನಾನೇ ಹೊಸದಾಗಿ ಬಗ್ಗಿಸಿ ಮಾಡಿಸಿದ ಸಲಾಕೆಯೊಂದು ನಾಲ್ಕು ತಿಂಗಳಿಂದ ಕೆಲಸವಿಲ್ಲದೆ ಬಿದ್ದಿತ್ತು. ಮರುತಿಂಗಳು ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಅದನ್ನು ತೋರಿಸಬೇಕಿತ್ತು, ಒಂದು ಮಗುವಿಗಾದರೂ ಬಳಸಿರಬೇಕಿತ್ತು, ಅಂಥ ಮಗು ವಾರ್ಡಿಗೆ ಬಂದಿರಲಿಲ್ಲ. ಮನೆಯಲ್ಲೇ ಸಿಕ್ಕಿತು. ಥಿಯೇಟರಿನ ಹಿರಿಯ ಸಿಸ್ಟರ್ 'ಇದನ್ನ ಕಾಯಬಹುದಲ್ಲಾ ಸಾರ್' ಎಂದರು. ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದೆ. ಸಲಾಕೆ ಜಾರಿತು, ರಕ್ತನಾಳ ಹರಿಯಿತು, ಹತ್ತು ನಿಮಿಷ ಬೆರಳು ಒತ್ತಿ ಹಿಡಿದೆ, ನಿಲ್ಲಲಿಲ್ಲ. ಹೊರಗೆ ಬಂದಾಗ ನಿಮ್ಮಮ್ಮ ನನ್ನ ಮುಖ ನೋಡುತ್ತಿದ್ದಳು, ಏನಾದರೂ ಹೇಳಬೇಕಿತ್ತು, ನಿನ್ನ ಕೈಯಲ್ಲಿ ಟೋಪಿ ಇತ್ತು. ಮಾರನೆಯ ದಿನ ಸರಿಪಡಿಸೋಣ ಎಂದುಕೊಂಡೆ. ಆಮೇಲೆ ನೀನು ಓದಲು ಶುರುಮಾಡಿದೆ. ಭಯ ಮಗುವಿಗೆ ಒಳ್ಳೆಯ ಮಾಸ್ತರು ಎಂದು ಬಿಟ್ಟೆ. ನಿಮ್ಮಮ್ಮ ಗೋಡೆಗೆ ಮುಖ ತಿರುಗಿಸಿದ ದಿನವೂ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಈಗಲೂ ಸಮಿತಿಗೆ ನೇರವಾಗಿ ಬರೆಯುವ ಎದೆ ನನಗಿಲ್ಲ, ಆದ್ದರಿಂದ ಎರಡು ಪುಟವನ್ನೂ ಇದನ್ನೂ ನಿನಗೇ ಕಳಿಸುತ್ತಿದ್ದೇನೆ, ಯಾವುದನ್ನು ಕೊಡುತ್ತೀಯೋ ಕೊಡು. ಎರಡು ಪುಟ ಕೊಟ್ಟರೆ ಮಂಗಳವಾರದಿಂದ ಮತ್ತೆ ಥಿಯೇಟರಿಗೆ ಹೋಗಬಹುದು. ನೀನು ಬರೆದಿದ್ದೆ, 'ಅಪ್ಪಾ, ತಮ್ಮನಿಗೆ ಆದದ್ದು ಇನ್ನೊಂದು ಮಗುವಿಗೆ ಆಗೋಕೆ ನಾನು ಬಿಟ್ಟಿಲ್ಲ' ಎಂದು. ಮೂರು ದಿನ ಉತ್ತರ ಬರೆಯದೆ ಕೂತದ್ದು ಆ ಸಾಲಿಗೆ. ಮಗಳೇ, ನಾನು ಅವನಿಗೆ ಮಾಡಿದ್ದನ್ನೇ ನೀನು ಆ ಇಪ್ಪತ್ತಾರು ಮಕ್ಕಳಿಗೆ ಮಾಡಿದ್ದೀಯ. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿತ್ತು, ಅಷ್ಟೇ ವ್ಯತ್ಯಾಸ.